ಒಂದೇ ಕೆಲಸ, ಒಬ್ಬನೇ ಬೆಸುಗೆಗಾರ: ಭಂಗಿಯ ಅಂಕ ಒಮ್ಮೆ 4, ಇನ್ನೊಮ್ಮೆ 7. ಯಾವುದನ್ನು ನಂಬಬೇಕು?

ಪಾಳಿಪುಸ್ತಕ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಬ್ಬಿಣದ ಚೌಕಟ್ಟುಗಳನ್ನು ತಯಾರಿಸುವ ಒಂದು ಘಟಕದಲ್ಲಿ ಸುರಕ್ಷತೆಯ ಹೊಣೆ ನನ್ನದು. ನಮ್ಮಲ್ಲಿ ಬೆಸುಗೆಯ ಕೆಲಸ ಬಹುಪಾಲು ನೆಲದ ಮೇಲೆಯೇ ನಡೆಯುತ್ತದೆ. ಚೌಕಟ್ಟನ್ನು ನೆಲಕ್ಕೆ ಹಾಸಿ, ಬೆಸುಗೆಗಾರರು ಕುಕ್ಕರುಗಾಲಿನಲ್ಲಿ ಕುಳಿತೋ ಸೊಂಟ ಬಗ್ಗಿಸಿ ನಿಂತೋ ಕೆಲಸ ಮುಗಿಸುತ್ತಾರೆ. ಬೆನ್ನು, ಕತ್ತು ಮತ್ತು ಮಂಡಿ ನೋವಿನ ದೂರುಗಳು ಹೆಚ್ಚಿದ್ದರಿಂದ, ಭಂಗಿಯ ಅಪಾಯವನ್ನು ಅಳೆದು ವರದಿ ಕೊಡುವಂತೆ ನನಗೆ ಹೇಳಿದ್ದಾರೆ.

ರೂಲಾ ಹಾಳೆ, ಅಂದರೆ ದೇಹದ ಕೋನಗಳನ್ನು ನೋಡಿ ಭಂಗಿಗೆ 1ರಿಂದ 7ರವರೆಗೆ ಅಪಾಯದ ಅಂಕ ಕೊಡುವ ಪಟ್ಟಿ, ಹಿಡಿದು ಹೋದೆ. ಒಬ್ಬ ಬೆಸುಗೆಗಾರನ ಫೋಟೋ ತೆಗೆದು, ಕೋನಗಳನ್ನು ಅಳೆದು ಅಂಕ ಹಾಕಿದಾಗ 4 ಬಂತು. ಅದೇ ಗಂಟೆಯಲ್ಲಿ, ಅದೇ ವ್ಯಕ್ತಿಯನ್ನು ನನ್ನ ಸಹೋದ್ಯೋಗಿ ಅಳೆದಾಗ 7 ಬಂತು. 4 ಎಂದರೆ ಇನ್ನಷ್ಟು ಪರಿಶೀಲಿಸಿ ಎಂದರ್ಥ, 7 ಎಂದರೆ ಕೂಡಲೇ ಬದಲಾಯಿಸಿ ಎಂದರ್ಥ. ನಮ್ಮ ವ್ಯವಸ್ಥಾಪಕರು ಸಹಜವಾಗಿಯೇ ನನ್ನ ಅಂಕವನ್ನು ಮೆಚ್ಚಿಕೊಂಡಿದ್ದಾರೆ. ಇಬ್ಬರಲ್ಲಿ ತಪ್ಪಿದವರು ಯಾರು? ಅಥವಾ ಈ ಹಾಳೆಯೇ ನಂಬಿಕೆಗೆ ಯೋಗ್ಯವಲ್ಲವೇ?

ಕೋನಮಾಪಕ

ಬಹುಶಃ ಇಬ್ಬರೂ ತಪ್ಪಿಲ್ಲ. ರೂಲಾ ಅಳೆಯುವುದು ಒಂದು ಕ್ಷಣದ ಭಂಗಿಯನ್ನೇ ಹೊರತು ಕೆಲಸವನ್ನಲ್ಲ. ನೀವು ಅವರು ಬೆಸುಗೆ ಆರಂಭಿಸುವ ಮೊದಲಿನ ಕ್ಷಣವನ್ನು ಹಿಡಿದಿರಬಹುದು, ನಿಮ್ಮ ಸಹೋದ್ಯೋಗಿ ಮೂಲೆಯ ಒಳಬದಿಗೆ ಬಾಗಿದ್ದ ಕ್ಷಣವನ್ನು ಹಿಡಿದಿರಬಹುದು. ಬೆನ್ನು 20 ಡಿಗ್ರಿಯೊಳಗೆ ಬಾಗಿದ್ದರೆ ಅಂಕ 2, 20ರಿಂದ 60ರವರೆಗೆ 3, ಅದನ್ನು ದಾಟಿದರೆ 4. ತಿರುಚಿದ್ದರೆ ಒಂದು, ಪಕ್ಕಕ್ಕೆ ವಾಲಿದ್ದರೆ ಇನ್ನೊಂದು ಸೇರುತ್ತದೆ. ಕತ್ತಿಗೂ ತೋಳಿಗೂ ಹೀಗೆಯೇ ಮೆಟ್ಟಿಲುಗಳಿವೆ. ಎರಡು ಮೆಟ್ಟಿಲು ಅತ್ತಿತ್ತ ಆದರೆ 4 ಹೋಗಿ 7 ಆಗುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಆ ಕ್ಷಣವನ್ನೇ ಏಕೆ ಆರಿಸಿದಿರಿ?

ಪಾಳಿಪುಸ್ತಕ

ಪ್ರಾಮಾಣಿಕವಾಗಿ ಹೇಳುವುದಾದರೆ, ಆಗ ಕಿಡಿ ಹಾರುತ್ತಿರಲಿಲ್ಲ, ಹತ್ತಿರ ಹೋಗಲು ಅನುಕೂಲವಿತ್ತು.

ಕಿಡಿಗಣ್ಣು

ಇದೇ ನನ್ನ ಅನುಮಾನವೂ ಆಗಿತ್ತು. ಇಪ್ಪತ್ತಾರು ವರ್ಷ ಬೆಸುಗೆ ಹಾಕಿದವನು ನಾನು. ಕಾಗದ ಹಿಡಿದುಕೊಂಡು ಬಂದವರೆಲ್ಲರೂ ನಾವು ಮುಖಕವಚ ಎತ್ತಿ ಉಸಿರು ಬಿಡುತ್ತಿರುವಾಗಲೇ ಫೋಟೋ ತೆಗೆಯುತ್ತಾರೆ. ಅಷ್ಟೇ ಅಲ್ಲ, ಮೊಬೈಲ್ ಕಂಡ ಕೂಡಲೇ ನಾವೂ ನೆಟ್ಟಗಾಗುತ್ತೇವೆ. ಮದುವೆಯ ಫೋಟೋಗೆ ನಿಂತವರಂತೆ. ಆಮೇಲೆ ಆ ಚಿತ್ರದ ಮೇಲೆ ಗೆರೆ ಎಳೆದು, ನಿಮ್ಮ ಭಂಗಿ ಪರವಾಗಿಲ್ಲ ಎಂದು ನಮಗೇ ಹೇಳುತ್ತಾರೆ.

ಉತ್ಪಾದನೆಮೊದಲು

ಮಾಪನವೇ ಇಷ್ಟು ಅಲ್ಲಾಡುವುದಾದರೆ ಅದರ ಮೇಲೆ ಹಣ ಹೂಡಿ ಎಂದು ಯಾವ ಮುಖ ಹೊತ್ತು ಕೇಳುತ್ತೀರಿ? ಉಷ್ಣಮಾಪಕವನ್ನು ಒಂದೇ ರೋಗಿಗೆ ಎರಡು ಸಲ ಇಟ್ಟು ಬೇರೆ ಬೇರೆ ಜ್ವರ ಬಂದರೆ ಅದನ್ನು ಎಸೆಯುತ್ತೇವಲ್ಲವೇ?

ಲೆಕ್ಕದಮೇಷ್ಟ್ರು

ಬೆಳಿಗ್ಗೆ ಒಂದು ಜ್ವರ, ಸಂಜೆ ಇನ್ನೊಂದು ಜ್ವರ ಬಂದರೆ ಉಷ್ಣಮಾಪಕವನ್ನು ಎಸೆಯುವುದಿಲ್ಲ ಸ್ವಾಮಿ, ಜ್ವರ ಏರಿಳಿಯುತ್ತಿದೆ ಎಂದು ಬರೆದುಕೊಳ್ಳುತ್ತೇವೆ. ಇಲ್ಲಿಯೂ ಹಾಗೆಯೇ. ಒಂದೇ ಚಿತ್ರಕ್ಕೆ ಇಬ್ಬರು ಬೇರೆ ಅಂಕ ಹಾಕಿದರೆ ಅದು ಅಳೆಯುವವರ ವ್ಯತ್ಯಾಸ; ಎರಡು ಬೇರೆ ಕ್ಷಣಗಳಿಗೆ ಬೇರೆ ಅಂಕ ಬಂದರೆ ಅದು ಕೆಲಸದ ಸ್ವಭಾವ. ಪಾಳಿಪುಸ್ತಕ ಅವರು ಮೊದಲು ಮಾಡಬೇಕಾದ ಕೆಲಸವೆಂದರೆ, ಎರಡೂ ಚಿತ್ರಗಳನ್ನು ಪರಸ್ಪರ ಬದಲಾಯಿಸಿಕೊಂಡು ಮತ್ತೊಮ್ಮೆ ಅಂಕ ಹಾಕುವುದು. ಆಗ ಯಾವ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ಎರಡನೆಯದಾಗಿ, ಇಂತಹ ಏರಿಳಿತದ ಕೆಲಸಕ್ಕೆ ಓವಾಸ್ ಪದ್ಧತಿ ಹೆಚ್ಚು ಒಪ್ಪುತ್ತದೆ. ಫಿನ್ಲೆಂಡಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹುಟ್ಟಿ 1977ರಲ್ಲಿ ಪ್ರಕಟವಾದ ಪದ್ಧತಿ ಅದು. ಬೆನ್ನಿಗೆ 4 ಬಗೆ, ತೋಳಿಗೆ 3, ಕಾಲಿಗೆ 7, ಭಾರಕ್ಕೆ 3. ಒಟ್ಟು 252 ಜೋಡಣೆಗಳು. ಕೋನ ಅಳೆಯುವ ಗೋಜಿಲ್ಲ. 30 ಸೆಕೆಂಡಿಗೊಮ್ಮೆ ತಲೆಯೆತ್ತಿ ನೋಡಿ, ಆ ಕ್ಷಣದ ಭಂಗಿಯ ಸಂಕೇತವನ್ನು ಬರೆದುಕೊಳ್ಳುತ್ತಾ ಹೋದರೆ, ಪಾಳಿಯ ಎಷ್ಟು ಪಾಲು ಯಾವ ಭಂಗಿಯಲ್ಲಿ ಕಳೆಯಿತು ಎಂಬುದು ಸಿಗುತ್ತದೆ. ಗಡಿಯಾರ ಹೇಳಿದ ಕ್ಷಣದಲ್ಲಿ ನೋಡಬೇಕು, ನಿಮಗೆ ಅನುಕೂಲವಾದ ಕ್ಷಣದಲ್ಲಲ್ಲ. ಇದರ ಇಡೀ ಗುಟ್ಟು ಅಷ್ಟೇ.

ಹೊಸಬ

ಎಷ್ಟು ಬಾರಿ ನೋಡಿದರೆ ಸಾಕು? ನಮ್ಮ ತರಗತಿಯಲ್ಲಿ ಇಪ್ಪತ್ತು ಎಂದಿದ್ದರು.

ಲೆಕ್ಕದಮೇಷ್ಟ್ರು

ಇಪ್ಪತ್ತು ಸಾಲದು. 100 ನೋಟಗಳಿಗೆ ದೋಷದ ಮಿತಿ ಸುಮಾರು ಶೇ. 10, 400 ನೋಟಗಳಿಗೆ ಸುಮಾರು ಶೇ. 5. ಅರ್ಧ ನಿಮಿಷಕ್ಕೊಂದರಂತೆ 100 ನೋಟಕ್ಕೆ 50 ನಿಮಿಷ ಬೇಕು. ಆದರೆ ಒಂದೇ ಬೈಠಕ್ಕಿನಲ್ಲಿ ಮುಗಿಸಬೇಡಿ. ಪಾಳಿಯ ಆರಂಭದಲ್ಲಿ ಸ್ವಲ್ಪ, ನಡುವೆ ಸ್ವಲ್ಪ, ಕೊನೆಯ ಗಂಟೆಯಲ್ಲಿ ಸ್ವಲ್ಪ ನೋಡಿ. ದಣಿದ ದೇಹ ಬೆಳಗಿನ ಭಂಗಿಯಲ್ಲಿರುವುದಿಲ್ಲ.

ಅಸ್ಥಿಪಂಜರ

ನಾನು ದೈಹಿಕ ಚಿಕಿತ್ಸಕಿ. ಓವಾಸ್ ಬಗ್ಗೆ ನನ್ನ ತಕರಾರು ಒಂದಿದೆ: ಅದರಲ್ಲಿ ಕತ್ತೂ ಇಲ್ಲ, ಮಣಿಕಟ್ಟೂ ಇಲ್ಲ. ಬೆಸುಗೆಗಾರರು ನನ್ನ ಬಳಿ ಬರುವುದು ಹೆಚ್ಚಾಗಿ ಕತ್ತು ಮತ್ತು ಹೆಗಲಿನ ನೋವಿನಿಂದ. ಕತ್ತು ಎಲ್ಲಿರಬೇಕು ಎಂಬುದನ್ನು ಬೆಸುಗೆಯಲ್ಲಿ ನಿರ್ಧರಿಸುವುದು ಕಣ್ಣು. ಕರಗಿದ ಲೋಹದ ಹನಿಯನ್ನು ನೋಡಲೇಬೇಕು, ಆದ್ದರಿಂದ ತಲೆ ಅಲ್ಲಿಗೆ ಹೋಗುತ್ತದೆ. ತಲೆಯ ತೂಕವೇ 4.5ರಿಂದ 5 ಕಿಲೋ. ಅದರ ಮೇಲೆ ಮುಖಕವಚ. ಅದು ಮುಂದಕ್ಕೆ ಚಾಚಿದಷ್ಟೂ ಹಿಂಬದಿಯ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ.

ಇನ್ನು ರೂಲಾದ ಕೊರತೆ ಕಾಲುಗಳಲ್ಲಿದೆ. ಅದರಲ್ಲಿ ಕಾಲಿಗೆ ಇರುವುದು 1 ಅಥವಾ 2 ಮಾತ್ರ. ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತವನಿಗೂ ಒಂಟಿಕಾಲಿನ ಮೇಲೆ ಭಾರ ಬಿಟ್ಟು ನಿಂತವನಿಗೂ ಒಂದೇ ಅಂಕ ಬಂದೀತು. ಮೂಲತಃ ಅದನ್ನು ಮೇಲ್ದೇಹದ ತೊಂದರೆಗಳಿಗಾಗಿ 1993ರಲ್ಲಿ ರೂಪಿಸಿದರು, ಆದ್ದರಿಂದ ಅದನ್ನು ದೂರುವಂತಿಲ್ಲ. ಮಂಡಿಯ ದೂರು ಇರುವ ಕಡೆ, ಇಡೀ ದೇಹವನ್ನು ಲೆಕ್ಕಕ್ಕೆ ಹಿಡಿಯುವ ರೇಬಾ ಎಂಬ ಹಾಳೆ ಬಳಸಿ. ಮಂಡಿ 30ರಿಂದ 60 ಡಿಗ್ರಿ ಮಡಿಸಿದರೆ ಒಂದು, 60 ದಾಟಿದರೆ ಎರಡು ಅಂಕ ಅದರಲ್ಲಿ ಸೇರುತ್ತದೆ.

ರಾತ್ರಿಪಾಳಿ

ರೇಬಾ ಹೆಸರು ಬಂದಿದ್ದರಿಂದ ಒಂದು ಮಾತು. 2000ದಲ್ಲಿ ಅದನ್ನು ರೂಪಿಸಿದ್ದರಲ್ಲಿ ನಮ್ಮಂತಹ ಆರೈಕೆಯ ಕೆಲಸದವರ ಭಂಗಿಗಳೂ ಸೇರಿದ್ದವು. ರೋಗಿಯನ್ನು ಎತ್ತುವಾಗ ಹಿಡಿ ಇರುವುದಿಲ್ಲ, ಭಾರ ಅಲುಗಾಡುತ್ತದೆ, ಕೆಲವೊಮ್ಮೆ ಭಾರವೇ ನಮ್ಮ ಕುತ್ತಿಗೆಗೆ ಜೋತುಬೀಳುತ್ತದೆ. ಹಿಡಿತಕ್ಕೆಂದು ಅದರಲ್ಲಿ ಪ್ರತ್ಯೇಕ ಅಂಕ ಇರುವುದು ಅದಕ್ಕಾಗಿಯೇ. ಕಬ್ಬಿಣದ ಚೌಕಟ್ಟು ಕನಿಷ್ಠಪಕ್ಷ ಹೆದರಿ ಕೈ ಹಿಡಿದೆಳೆಯುವುದಿಲ್ಲ.

ಟೈಲ್ಸ್‌ಮಣೆ

ನಾನು ನೆಲಕ್ಕೆ ಟೈಲ್ಸ್ ಹಾಕುವವನು. ಮಂಡಿಯೂರದೆ ನಮ್ಮ ಕೆಲಸವಿಲ್ಲ. ನನ್ನ ಜೊತೆ ಕಲಿತ ಒಬ್ಬರಿಗೆ ದೀರ್ಘಕಾಲ ಕುಕ್ಕರುಗಾಲಿನಲ್ಲಿ ಕುಳಿತು ಎದ್ದಾಗ ಬಲಪಾದ ಮೇಲೇಳದೆ ನೆಲಕ್ಕೆ ಉಜ್ಜತೊಡಗಿತು. ಪಾರ್ಶ್ವವಾಯು ಎಂದು ಮನೆಯವರೆಲ್ಲ ಹೆದರಿದ್ದರು. ಮಂಡಿಯ ಹೊರಬದಿಯ ನರ ಒತ್ತಿಕೊಂಡಿದೆ ಎಂದು ವೈದ್ಯರು ಹೇಳಿದರು. ಸರಿಯಾಗಲು ತಿಂಗಳುಗಳೇ ಹಿಡಿದವು. ಇದಕ್ಕೆ ನಿಮ್ಮ ಯಾವ ಹಾಳೆಯಲ್ಲಿ ಅಂಕವಿದೆ?

ಅಸ್ಥಿಪಂಜರ

ಯಾವುದರಲ್ಲೂ ನೇರವಾಗಿ ಇಲ್ಲ. ಮಂಡಿಯ ಹೊರಗೆ, ಸಣ್ಣ ಮೂಳೆಯ ತಲೆಯನ್ನು ಬಳಸಿ ಹೋಗುವ ನರವದು; ಚರ್ಮದ ಕೆಳಗೇ ಇರುವುದರಿಂದ ಸುಲಭವಾಗಿ ಒತ್ತಿಕೊಳ್ಳುತ್ತದೆ. ಕುಳಿತು ಹಣ್ಣು ಕೀಳುವ ಕೂಲಿಕಾರರಲ್ಲಿ ಇದು ಎಷ್ಟು ಪರಿಚಿತವೆಂದರೆ, ಸ್ಟ್ರಾಬೆರಿ ಕೀಳುವವರ ಹೆಸರಿನಿಂದಲೇ ಅದನ್ನು ಕರೆಯುವ ರೂಢಿ ವೈದ್ಯರಲ್ಲಿದೆ. ಎದ್ದಾಗ ಪಾದದ ಮೇಲ್ಭಾಗ ಜುಮುಜುಮು ಎನ್ನುವುದು ಮೊದಲ ಸೂಚನೆ. ಅದನ್ನು ಕೇಳಿದರೆ ಮಾತ್ರ ತಿಳಿಯುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ.

ಉತ್ಪಾದನೆಮೊದಲು

ಕುಕ್ಕರುಗಾಲಿನಲ್ಲಿ ಕೂರುವುದು ನಮ್ಮ ಹಿರಿಯರಿಗೆಲ್ಲ ಅಭ್ಯಾಸವಿತ್ತು, ಅವರಿಗೇನೂ ಆಗಲಿಲ್ಲ. ನಮ್ಮಲ್ಲಿ ಐವತ್ತೈದು ದಾಟಿದ ಇಬ್ಬರು ಇಂದಿಗೂ ನೆಲದ ಮೇಲೆಯೇ ಕುಳಿತು ಸೊಗಸಾಗಿ ಬೆಸುಗೆ ಹಾಕುತ್ತಾರೆ. ಭಂಗಿಯೇ ಕಾರಣವಾದರೆ ಅವರಿಗೇಕೆ ನೋವಿಲ್ಲ?

ಲೆಕ್ಕದಮೇಷ್ಟ್ರು

ಆ ಇಬ್ಬರ ಜೊತೆ ಕೆಲಸಕ್ಕೆ ಸೇರಿದ ಉಳಿದವರೆಲ್ಲ ಈಗ ಎಲ್ಲಿದ್ದಾರೆ ಎಂಬುದನ್ನು ಹಾಜರಿ ಪುಸ್ತಕದಲ್ಲಿ ನೋಡಿದ್ದೀರಾ? ನೋವು ತಡೆಯದವರು ಬಿಟ್ಟು ಹೋದ ಮೇಲೆ ಉಳಿದವರನ್ನು ಎಣಿಸಿ, ಈ ಕೆಲಸ ಯಾರಿಗೂ ಕೆಡುಕು ಮಾಡುವುದಿಲ್ಲ ಎನ್ನುವುದು ಪರೀಕ್ಷೆಯಲ್ಲಿ ನಪಾಸಾದವರನ್ನು ಬಿಟ್ಟು ಫಲಿತಾಂಶ ಹೇಳಿದಂತೆ.

ಕಿಡಿಗಣ್ಣು

ನಮ್ಮ ಗುಂಪಿನಲ್ಲಿ ಸೇರಿದವರು ಒಂಬತ್ತು, ಉಳಿದವನು ನಾನೊಬ್ಬ. ಬಿಟ್ಟವರಲ್ಲಿ ಕೆಲವರು ಬೇರೆ ಒಳ್ಳೆಯ ಕೆಲಸ ಸಿಕ್ಕಿ ಹೋದರು, ಎಲ್ಲರೂ ನೋವಿನಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ. ಆದರೆ ನನಗೂ ನೋವಿಲ್ಲ ಎಂದು ಯಾರು ಹೇಳಿದರು? ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೇಳಿದರೆ ವಯಸ್ಸಾಯಿತು, ಮನೆಗೆ ಹೋಗು ಎನ್ನುತ್ತಾರೆ.

ಕೋನಮಾಪಕ

ಈ ಕಾರಣಕ್ಕಾಗಿಯೇ ನೋವಿನ ವಿಚಾರಣೆಯನ್ನು ಹೆಸರಿಲ್ಲದ ಹಾಳೆಯಲ್ಲಿ ಮಾಡಬೇಕು. 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ದೇಹವನ್ನು 9 ಭಾಗಗಳಾಗಿ ವಿಂಗಡಿಸಿ, ಕಳೆದ 12 ತಿಂಗಳಲ್ಲಿ ತೊಂದರೆ ಇತ್ತೇ, ಅದರಿಂದ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಯಿತೇ, ಕಳೆದ 7 ದಿನಗಳಲ್ಲಿ ಇತ್ತೇ ಎಂದು ಕೇಳುತ್ತದೆ. ಓದಲು ಕಷ್ಟಪಡುವವರಿಗೆ ದೇಹದ ಚಿತ್ರ ಕೊಟ್ಟು, ನೋಯುವ ಕಡೆ ಗುರುತು ಹಾಕಲು ಹೇಳಿ. ಪಾಳಿಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಗುರುತು ಹಾಕಿಸಿದರೆ, ಆ ದಿನದ ಕೆಲಸ ಯಾವ ಭಾಗಕ್ಕೆ ಎಷ್ಟು ಕೊಟ್ಟಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಹೊಸಬ

ನನಗೊಂದು ಸಂಶಯವಿದೆ. ರೂಲಾದಲ್ಲಿ ಭಂಗಿ ಸ್ಥಿರವಾಗಿದ್ದರೆ ಒಂದು ಅಂಕ ಸೇರಿಸಿ ಎನ್ನುತ್ತದೆ. ನನ್ನ ಬಳಿ ಇರುವ ಒಂದು ಹಾಳೆಯಲ್ಲಿ 1 ನಿಮಿಷಕ್ಕಿಂತ ಹೆಚ್ಚು ಎಂದಿದೆ, ಇನ್ನೊಂದರಲ್ಲಿ 10 ನಿಮಿಷಕ್ಕಿಂತ ಹೆಚ್ಚು ಎಂದಿದೆ. ಯಾವುದು ಸರಿ?

ಕೋನಮಾಪಕ

ಮೂಲ ಲೇಖನದಲ್ಲಿರುವುದು 1 ನಿಮಿಷ. 10 ನಿಮಿಷ ಎಂದು ಅಚ್ಚಾದ ಹಾಳೆಗಳೂ ಬಹಳಷ್ಟು ಓಡಾಡುತ್ತಿವೆ. ಬೆಸುಗೆಯಲ್ಲಿ ಇದು ಸಣ್ಣ ವಿಷಯವಲ್ಲ, ಏಕೆಂದರೆ ಒಂದು ಗೆರೆ ಎಳೆಯಲು ಎರಡು ಮೂರು ನಿಮಿಷ ಹಿಡಿಯಬಹುದು. ಒಂದು ಹಾಳೆಯಲ್ಲಿ ಅಂಕ ಸೇರುತ್ತದೆ, ಇನ್ನೊಂದರಲ್ಲಿ ಸೇರುವುದಿಲ್ಲ. ಪಾಳಿಪುಸ್ತಕ ಅವರೇ, ನೀವಿಬ್ಬರೂ ಬಳಸಿದ್ದು ಒಂದೇ ಹಾಳೆಯೇ?

ಪಾಳಿಪುಸ್ತಕ

ಈಗಷ್ಟೇ ತೆಗೆದು ನೋಡಿದೆ. ನನ್ನದು 10, ಅವರದು 1. ನಾಚಿಕೆಯಾಗುತ್ತಿದೆ.

ಅಸ್ಥಿಪಂಜರ

ನಾಚಿಕೆ ಬೇಡ, ಇದು ಎಲ್ಲೆಡೆ ಆಗುವ ತಪ್ಪು. ಆದರೆ ಸ್ಥಿರ ಭಂಗಿಯ ವಿಷಯ ಬಂದಿದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಈ ಚರ್ಚೆಯಲ್ಲಿ ಎಲ್ಲರೂ ಕೋನದ ಹಿಂದೆ ಬಿದ್ದು ಕಾಲವನ್ನು ಮರೆಯುತ್ತಿದ್ದಾರೆ.

ಸ್ನಾಯು ಬಿಗಿದು ನಿಂತಾಗ ಅದರೊಳಗಿನ ರಕ್ತನಾಳಗಳು ಒತ್ತಿಕೊಳ್ಳುತ್ತವೆ. ಚಲನೆ ಇದ್ದರೆ ಬಿಗಿ, ಸಡಿಲ, ಬಿಗಿ, ಸಡಿಲ ಎಂದು ರಕ್ತ ಹರಿಯುತ್ತಲೇ ಇರುತ್ತದೆ. ಚಲನೆ ಇಲ್ಲದಿದ್ದರೆ ಅದಕ್ಕೆ ಅವಕಾಶವಿಲ್ಲ. ಗರಿಷ್ಠ ಬಲದ ಶೇ. 15ಕ್ಕಿಂತ ಕಡಿಮೆ ಬಲವನ್ನು ಎಷ್ಟು ಹೊತ್ತಾದರೂ ಹಿಡಿಯಬಹುದು ಎಂಬ ಅಭಿಪ್ರಾಯ 1960ರಲ್ಲಿ ರೋಮರ್ಟ್ ಅವರ ಪ್ರಯೋಗಗಳಿಂದ ಬಂದಿತ್ತು. ಇಡೀ ಪಾಳಿಯ ಲೆಕ್ಕದಲ್ಲಿ ಅದು ಸರಿಯಲ್ಲವೆಂದು ಆಮೇಲೆ ತಿಳಿಯಿತು. ನಂತರ ಯೋನ್‌ಸನ್ ಎಂಬವರು ಸ್ಥಿರ ಭಾರ ಶೇ. 2ರ ಆಸುಪಾಸಿನಲ್ಲಿರಬೇಕು, ಶೇ. 5 ದಾಟಲೇಬಾರದು ಎಂದರು. ಕೈಯಲ್ಲಿ ಏನೂ ಇಲ್ಲದೆ ತೋಳನ್ನು ಮುಂದಕ್ಕೆ ಚಾಚಿ ಹಿಡಿದರೂ ಹೆಗಲಿನ ಸ್ನಾಯು ಆ ಮಿತಿಯನ್ನು ದಾಟುತ್ತದೆ.

ಬೆನ್ನಿನದು ಇನ್ನೂ ಮೋಸದ ಕಥೆ. ಸೊಂಟವನ್ನು ಪೂರ್ತಿ ಬಗ್ಗಿಸಿದಾಗ ಒಂದು ಹಂತದಲ್ಲಿ ಬೆನ್ನಿನ ಸ್ನಾಯುಗಳು ಕೆಲಸವನ್ನೇ ನಿಲ್ಲಿಸುತ್ತವೆ, ಭಾರವೆಲ್ಲ ಹಿಂಬದಿಯ ಅಸ್ಥಿಬಂಧಗಳ ಮೇಲೆ ಬೀಳುತ್ತದೆ. ಆಗ ಬಾಗಿದವನಿಗೆ ಹಾಯೆನಿಸುತ್ತದೆ. ಆದರೆ ಅಸ್ಥಿಬಂಧಗಳು ನಿಧಾನವಾಗಿ ಹಿಗ್ಗುತ್ತಾ ಹೋಗುತ್ತವೆ, ಮತ್ತೆ ಮೊದಲಿನಂತಾಗಲು ಬಾಗಿದ್ದ ಸಮಯಕ್ಕಿಂತ ಹೆಚ್ಚು ಸಮಯ ಬೇಕು. ಇಪ್ಪತ್ತು ನಿಮಿಷ ಬಾಗಿ ಬೆಸುಗೆ ಹಾಕಿ, ಎದ್ದ ಕೂಡಲೇ ಚೌಕಟ್ಟಿನ ಮೂಲೆಯನ್ನು ಎತ್ತುವವನ ಬೆನ್ನು ಆ ಕ್ಷಣದಲ್ಲಿ ರಕ್ಷಣೆಯಿಲ್ಲದ ಬೆನ್ನು. ನೋವು ಬರುವುದು ಎತ್ತುವಾಗ, ಆದ್ದರಿಂದ ಎಲ್ಲರೂ ಎತ್ತಿದ್ದನ್ನು ದೂರುತ್ತಾರೆ. ಬಾಗಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಲೆಕ್ಕದಮೇಷ್ಟ್ರು

ಇದಕ್ಕೆ ಪೂರಕವಾಗಿ: ಐಎಸ್‌ಒ 11226 ಎಂಬ 2000ದ ಅಂತರರಾಷ್ಟ್ರೀಯ ಮಾನದಂಡ ಸ್ಥಿರ ಭಂಗಿಗಳಿಗಾಗಿಯೇ ಇದೆ. ಆಧಾರವಿಲ್ಲದೆ ಬೆನ್ನು 20 ಡಿಗ್ರಿ ಬಾಗಿದ್ದರೆ ಒಮ್ಮೆಗೆ 4 ನಿಮಿಷ, ಬಾಗು ಹೆಚ್ಚಿದಂತೆ ಇಳಿಯುತ್ತಾ 60 ಡಿಗ್ರಿಗೆ 1 ನಿಮಿಷ. 60 ದಾಟಿದರೆ ಅನುಮತಿಯೇ ಇಲ್ಲ. ಕೋನ ಮತ್ತು ಕಾಲವನ್ನು ಒಂದೇ ರೇಖೆಯಲ್ಲಿ ಕಟ್ಟಿದ್ದು ಅದರ ಒಳ್ಳೆಯ ಗುಣ.

ಕಿಡಿಗಣ್ಣು

60 ಡಿಗ್ರಿಗೆ ಒಂದು ನಿಮಿಷವೇ? ನಮ್ಮಲ್ಲಿ ಒಂದು ಬೆಸುಗೆಕಡ್ಡಿ ಉರಿದು ಮುಗಿಯುವಷ್ಟರಲ್ಲಿ ಅದು ಮುಗಿದಿರುತ್ತದೆ.

ಉತ್ಪಾದನೆಮೊದಲು

ಸರಿ, ಅಪಾಯವಿದೆ ಎಂದೇ ಇಟ್ಟುಕೊಳ್ಳೋಣ. ಎಲ್ಲರಿಗೂ ಒಂದೊಂದು ಸೊಂಟಪಟ್ಟಿ ಕೊಡಿಸಿ, ಸರಿಯಾದ ಭಂಗಿಯ ಬಗ್ಗೆ ಒಂದು ದಿನ ತರಬೇತಿ ಕೊಡಿಸಿದರೆ ಮುಗಿಯಿತಲ್ಲ. ಕಡಿಮೆ ಖರ್ಚು, ಬೇಗ ಆಗುವ ಕೆಲಸ.

ಅಸ್ಥಿಪಂಜರ

ಸೊಂಟಪಟ್ಟಿ ಆರೋಗ್ಯವಂತ ಕೆಲಸಗಾರನ ಬೆನ್ನನ್ನು ಕಾಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಕೆಲಸದ ಸುರಕ್ಷತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆ 1994ರಲ್ಲೇ ಹೇಳಿದೆ. ಪಟ್ಟಿ ಕಟ್ಟಿದವನು ತನಗೆ ಬಲ ಬಂದಿತೆಂದು ಇನ್ನಷ್ಟು ಭಾರ ಎತ್ತಲು ಹೋಗುವ ಅಪಾಯವೂ ಇದೆ.

ಕೋನಮಾಪಕ

ತರಬೇತಿಯ ಬಗ್ಗೆ ನಾನು ಹೇಳುತ್ತೇನೆ. ಚೌಕಟ್ಟು ನೆಲದ ಮೇಲಿದೆ. ಬೆನ್ನು ನೆಟ್ಟಗಿಡಿ ಎಂದು ಹೇಳಿದರೆ ಅವರು ಮಂಡಿಯೂರಬೇಕು. ಮಂಡಿ ಉಳಿಸಿಕೊಳ್ಳಿ ಎಂದರೆ ಬೆನ್ನು ಬಗ್ಗಿಸಬೇಕು. ನೆಲಕ್ಕೆ ಮೂರನೆಯ ದಾರಿಯಿಲ್ಲ. ಭಂಗಿಯನ್ನು ಆರಿಸಿದ್ದು ಬೆಸುಗೆಗಾರನಲ್ಲ, ಚೌಕಟ್ಟನ್ನು ಅಲ್ಲಿಟ್ಟವರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಕಾರರಿಗೆ ಮೊಳದುದ್ದದ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿಸುತ್ತಿದ್ದರು. 1975ರಲ್ಲಿ ಅದನ್ನು ನಿಷೇಧಿಸಿದಾಗ ಬದಲಾಗಿದ್ದು ಕೂಲಿಕಾರರ ಅಭ್ಯಾಸವಲ್ಲ, ಹಿಡಿಯ ಉದ್ದ.

ಉತ್ಪಾದನೆಮೊದಲು

ಗುದ್ದಲಿಯ ಹಿಡಿ ಉದ್ದ ಮಾಡುವುದಕ್ಕೂ ಒಂದು ಅಂಗಳದಷ್ಟು ಚೌಕಟ್ಟನ್ನು ಮೇಲೆತ್ತುವುದಕ್ಕೂ ವ್ಯತ್ಯಾಸವಿದೆ. ಆದರೂ ನಿಮ್ಮ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ.

ಹೊಸಬ

ಮೊಬೈಲಿನಲ್ಲಿ ದೃಶ್ಯ ಚಿತ್ರಿಸಿದರೆ ಕೋನಗಳನ್ನು ತಾನೇ ಲೆಕ್ಕ ಹಾಕುವ ತಂತ್ರಾಂಶಗಳಿವೆಯಲ್ಲ, ಅವನ್ನು ಬಳಸಬಾರದೇ? ಮನುಷ್ಯರ ಜಗಳವೇ ಇರುವುದಿಲ್ಲ.

ಕೋನಮಾಪಕ

ಬಳಸಿ, ಆದರೆ ಮೂರು ವಿಷಯ ನೆನಪಿರಲಿ. ಕ್ಯಾಮೆರಾ ದೇಹದ ಪಕ್ಕಕ್ಕೆ ನೇರವಾಗಿರಬೇಕು. ಓರೆಯಾದರೆ ಬಾಗು ಕಡಿಮೆ ಕಾಣುತ್ತದೆ. ಬೆಸುಗೆಗಾರನ ದಪ್ಪ ಅಂಗಿ ಸೊಂಟದ ಕೀಲನ್ನೂ ಮುಖಕವಚ ಕತ್ತನ್ನೂ ಮುಚ್ಚುವುದರಿಂದ ತಂತ್ರಾಂಶ ಊಹೆ ಮಾಡುತ್ತದೆ, ಊಹೆ ಎಂದು ಹೇಳುವುದಿಲ್ಲ. ಮತ್ತು ಕೈಯಲ್ಲಿರುವ ಭಾರ, ಕೇಬಲ್ಲಿನ ಎಳೆತ, ಗ್ರೈಂಡರಿನ ಕಂಪನ ಯಾವುದೂ ಅದಕ್ಕೆ ಕಾಣುವುದಿಲ್ಲ. ರೂಲಾದಲ್ಲೂ ಕಂಪನಕ್ಕೆ ಜಾಗವಿಲ್ಲ. ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಕಿಡಿಗಣ್ಣು

ಕೇಬಲ್ ಎಂದಿರಲ್ಲ, ಆ ಒಂದು ಮಾತಿಗೆ ನಿಮಗೆ ಕೈಮುಗಿಯುತ್ತೇನೆ. ಹಿಡಿಕೆಯ ತೂಕ ಏನೇನೂ ಅಲ್ಲ. ಹಿಂದಿನಿಂದ ನೇತಾಡುವ ಕೇಬಲ್ ಮಣಿಕಟ್ಟನ್ನು ದಿನವಿಡೀ ತಿರುಚುತ್ತದೆ. ಅನುಭವಸ್ಥರು ಅದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ ಅಥವಾ ಮುಂದೋಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. ಆಗ ಮಣಿಕಟ್ಟಿಗೆ ಸುಖ, ಹೆಗಲಿಗೆ ಕಷ್ಟ. ಮೇಲಿನಿಂದ ಒಂದು ಕೊಂಡಿಯಲ್ಲಿ ತೂಗುಹಾಕಿದರೆ ಎರಡಕ್ಕೂ ಸುಖ. ಇನ್ನೊಂದು ವಿಷಯ: ಮುಖಕವಚವನ್ನು ಬೀಳಿಸಲು ಪ್ರತಿ ಬಾರಿ ತಲೆಯನ್ನು ಕುಕ್ಕಿ ಝಾಡಿಸುತ್ತೇವೆ. ಒಂದು ಪಾಳಿಯಲ್ಲಿ ಎಷ್ಟು ಸಲ ಎಂದು ಯಾರಾದರೂ ಎಣಿಸಿದ್ದಾರೆಯೇ? ಬೆಳಕು ಕಂಡಾಗ ತಾನಾಗಿ ಕಪ್ಪಾಗುವ ಗಾಜಿನ ಕವಚ ಬಂದ ಮೇಲೆ ನನ್ನ ಕತ್ತಿನ ನೋವು ಅರ್ಧಕ್ಕಿಳಿಯಿತು.

ಪಾಳಿಪುಸ್ತಕ (ಒಂಬತ್ತು ದಿನಗಳ ನಂತರ)

ಎಲ್ಲರ ಸಲಹೆಯಂತೆ ಮಾಡಿ ಬಂದಿದ್ದೇನೆ. ಮೊದಲು ಚಿತ್ರಗಳನ್ನು ಬದಲಾಯಿಸಿಕೊಂಡು, ಇಬ್ಬರೂ ಒಂದೇ ಹಾಳೆಯಲ್ಲಿ ಅಂಕ ಹಾಕಿದೆವು. ಒಂದೇ ಚಿತ್ರಕ್ಕೆ ನಮ್ಮಿಬ್ಬರ ನಡುವೆ ಒಂದು ಅಂಕಕ್ಕಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಜಗಳ ಕ್ಷಣದ ಆಯ್ಕೆಯದ್ದು ಎಂಬುದು ನಿಜವಾಯಿತು.

ನಂತರ ಮೂರು ದಿನ, ಪಾಳಿಯ ಮೂರು ಹೊತ್ತುಗಳಲ್ಲಿ, ಅರ್ಧ ನಿಮಿಷಕ್ಕೊಮ್ಮೆ ನೋಡಿ ಬರೆದುಕೊಂಡೆ. ಇನ್ನೂರು ನೋಟ ದಾಟಿದೆ. ಅರ್ಧಕ್ಕಿಂತ ಹೆಚ್ಚು ನೋಟಗಳಲ್ಲಿ ಬೆನ್ನು ಬಾಗಿತ್ತು, ಇದು ನಿರೀಕ್ಷಿತ. ನಿರೀಕ್ಷಿಸದೇ ಇದ್ದದ್ದು ಬೇರೆ. ಬಾಗಿ ತಿರುಚಿದ ಭಂಗಿಗಳು, ಅಂದರೆ ಓವಾಸ್‌ನಲ್ಲಿ ಬೆನ್ನಿಗೆ 4ನೆಯ ಬಗೆ, ಹೆಚ್ಚುಕಡಿಮೆ ಎಲ್ಲವೂ ಒಂದೇ ಕೆಲಸದ ಸುತ್ತ ಗುಂಪುಗೂಡಿದ್ದವು: ಚೌಕಟ್ಟಿನ ಕೆಳಮಗ್ಗುಲಿನ ಬೆಸುಗೆ. ಅದನ್ನು ಹಾಕಲು ಅವರು ಒಂದು ಕೈ ನೆಲಕ್ಕೂರಿ, ತಲೆಯನ್ನು ಚೌಕಟ್ಟಿನ ಅಡಿಗೆ ತೂರಿಸುತ್ತಾರೆ. ಚೌಕಟ್ಟನ್ನು ಮಗುಚಿದರೆ ಆ ಬೆಸುಗೆ ಮೇಲೆ ಬರುತ್ತದೆ, ಸುಲಭವಾಗುತ್ತದೆ. ಏಕೆ ಮಗುಚುವುದಿಲ್ಲ ಎಂದು ಕೇಳಿದೆ. ಮಗುಚಲು ಇಬ್ಬರು ಬೇಕು. ನಾಲ್ವರು ಬೆಸುಗೆಗಾರರಿಗೆ ಸಹಾಯಕ ಒಬ್ಬನೇ. ಅವನಿಗಾಗಿ ಕಾಯುವುದಕ್ಕಿಂತ ಅಡಿಗೆ ತಲೆ ತೂರಿಸುವುದೇ ಬೇಗ. ಹಿಂದೆ ಇಬ್ಬರು ಸಹಾಯಕರಿದ್ದರಂತೆ. ಒಬ್ಬನನ್ನು ಬೇರೆ ವಿಭಾಗಕ್ಕೆ ಕಳಿಸಿದ ಮೇಲೆಯೇ ಕತ್ತಿನ ದೂರುಗಳು ಶುರುವಾದದ್ದು.

ನಾನು ಒಂದು ವಾರ ಕೋನ ಅಳೆದೆ, ಉತ್ತರ ಹಾಜರಿ ಪುಸ್ತಕದಲ್ಲಿತ್ತು.

ಟೈಲ್ಸ್‌ಮಣೆ

ಅವರನ್ನೇ ಮೊದಲ ದಿನ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಪಾಳಿಪುಸ್ತಕ

ಕೇಳಿದ್ದೆ. ಎಲ್ಲಿ ನೋಯುತ್ತದೆ ಎಂದು ಕೇಳಿದ್ದೆ, ಯಾವಾಗ ಎಂದು ಕೇಳಿರಲಿಲ್ಲ.

ಉತ್ಪಾದನೆಮೊದಲು

ಹಾಗಾದರೆ ಒಬ್ಬನೇ ಮಗುಚಲಿ. ಅಷ್ಟೇನೂ ಭಾರವಿರಲಿಕ್ಕಿಲ್ಲ.

ಲೆಕ್ಕದಮೇಷ್ಟ್ರು

ಭಾರ ಎತ್ತುವುದಕ್ಕೆಂದು ನಿಯೋಶ್ ಸಂಸ್ಥೆ ಕೊಟ್ಟ ಪರಿಷ್ಕೃತ ಸಮೀಕರಣದಲ್ಲಿ ಎಲ್ಲ ಪರಿಸ್ಥಿತಿಯೂ ಅನುಕೂಲವಾಗಿದ್ದಾಗ ಮಿತಿ 23 ಕಿಲೋ. ಆಗ ಭಾರ ದೇಹದಿಂದ 25 ಸೆಂಟಿಮೀಟರಿನಲ್ಲಿರಬೇಕು, ಕೈಗಳು ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಭಾರ 50 ಸೆಂಟಿಮೀಟರ್ ದೂರ ಹೋದರೆ ಮಿತಿ ಅರ್ಧವಾಗಿ 11.5ಕ್ಕೆ ಇಳಿಯುತ್ತದೆ. ಕೈ ನೆಲಮಟ್ಟದಲ್ಲಿದ್ದರೆ ಅದನ್ನು 0.775ರಿಂದ ಗುಣಿಸಬೇಕು, 9 ಕಿಲೋಗಿಂತ ಕೆಳಗೆ ಬಂದಿರಿ. ಇನ್ನು ಎತ್ತುವ ದೂರ, ತಿರುಚು, ಹಿಡಿತ, ಆವರ್ತನ ಎಲ್ಲ ಬಾಕಿ ಇವೆ. ಕುಕ್ಕರುಗಾಲಿನಿಂದ ಒಂದೇ ಕೈಯಲ್ಲಿ ಎತ್ತುವುದಾದರೆ ಈ ಸಮೀಕರಣ ಅನ್ವಯಿಸುವುದೇ ಇಲ್ಲ. ಒಬ್ಬನೇ ಮಗುಚಬೇಕು ಎನ್ನುವವರು ಮೊದಲು ಚೌಕಟ್ಟಿನ ಒಂದು ಮೂಲೆಯನ್ನು ತೂಗಿ ಬನ್ನಿ.

ಪಾಳಿಪುಸ್ತಕ

ತೂಗಿದ್ದೇವೆ. ಮೂಲೆಯೊಂದಕ್ಕೆ 31 ಕಿಲೋ.

ಉತ್ಪಾದನೆಮೊದಲು

ಮಾತು ಹಿಂತೆಗೆದುಕೊಂಡೆ. ಆದರೆ ಸಹಾಯಕನನ್ನು ಮರಳಿ ಕೇಳಿದರೆ ನಿಮ್ಮವರು ಕೊಡುವುದಿಲ್ಲ, ಅದು ನನ್ನ ಅನುಭವ. ಕೆಲಸಗಾರರನ್ನು ಅದಲುಬದಲು ಮಾಡಿ, ಎರಡು ಗಂಟೆಗೊಮ್ಮೆ ಕೆಳಮಗ್ಗುಲಿನ ಬೆಸುಗೆಗೆ ಬೇರೆಯವರನ್ನು ಹಾಕಬಹುದು.

ಅಸ್ಥಿಪಂಜರ

ಅದಲುಬದಲಿನಿಂದ ಪ್ರಯೋಜನವಾಗಬೇಕಾದರೆ ಬದಲಿ ಕೆಲಸ ಬೇರೆ ಸ್ನಾಯುಗಳನ್ನು ಬಳಸುವಂತಿರಬೇಕು. ಇಲ್ಲಿ ಬದಲಿಗೆ ಸಿಗುವುದು ಗ್ರೈಂಡಿಂಗ್, ಅದೂ ಬಾಗಿಯೇ. ಒಬ್ಬನ ಕತ್ತಿನ ನೋವನ್ನು ನಾಲ್ವರಿಗೆ ಹಂಚಿದಂತಾಗುತ್ತದೆ.

ಕಿಡಿಗಣ್ಣು

ಸಹಾಯಕನೂ ಬೇಡ, ಅದಲುಬದಲೂ ಬೇಡ. ಚೌಕಟ್ಟಿನ ಎರಡು ತುದಿಗೆ ಎರಡು ಸ್ಟ್ಯಾಂಡ್ ನಿಲ್ಲಿಸಿ, ನಡುವಿನ ಅಚ್ಚಿನ ಮೇಲೆ ಅದು ಸುತ್ತುವಂತೆ ಮಾಡಿ, ಬೇಕಾದ ಕೋನದಲ್ಲಿ ಗೂಟ ಹಾಕಿ ನಿಲ್ಲಿಸುವುದು. ತೂಕ ಅಚ್ಚಿನ ಎರಡೂ ಕಡೆಗೆ ಸಮವಾಗಿದ್ದರೆ ಒಂದು ಕೈಯಲ್ಲಿ ತಿರುಗುತ್ತದೆ. ನಿಮ್ಮಲ್ಲಿ ನಾಲ್ವರು ಬೆಸುಗೆಗಾರರಿದ್ದಾರೆ, ಕಬ್ಬಿಣವಿದೆ. ಹೊರಗಿನಿಂದ ತರಬೇಕಾದದ್ದು ಎರಡು ಬೇರಿಂಗ್ ಮಾತ್ರ. ನಾವು ಮಾಡಿಕೊಂಡಿದ್ದೆವು. ಮಗುಚುವ ಸಮಯವೂ ಉಳಿಯಿತು, ಬೆಸುಗೆಯೂ ಚೆಂದ ಬಂತು, ಏಕೆಂದರೆ ಕೆಳಮುಖವಾಗಿ ಹಾಕಿದ ಗೆರೆ ಯಾವಾಗಲೂ ತಲೆ ಮೇಲೆ ಹಾಕಿದ ಗೆರೆಗಿಂತ ಶುದ್ಧ.

ಉತ್ಪಾದನೆಮೊದಲು

ಈ ಕೊನೆಯ ವಾಕ್ಯವನ್ನೇ ವರದಿಯ ಮೊದಲ ಪುಟದಲ್ಲಿ ಬರೆಯಿರಿ. ವ್ಯಂಗ್ಯವಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಪಾಳಿಪುಸ್ತಕ

ನಮೂನೆಯಲ್ಲಿ ಅಪಾಯದ ಅಂಕ ಬರೆಯಲು ಒಂದೇ ಚೌಕವಿದೆ. ಅದರಲ್ಲಿ ಏನು ಬರೆಯಲಿ?

ಕೋನಮಾಪಕ

ಕೆಲಸವನ್ನು ನಾಲ್ಕಾಗಿ ಒಡೆಯಿರಿ: ಜೋಡಣೆ, ಮೇಲ್ಮಗ್ಗುಲಿನ ಬೆಸುಗೆ, ಕೆಳಮಗ್ಗುಲಿನ ಬೆಸುಗೆ, ಗ್ರೈಂಡಿಂಗ್. ಪ್ರತಿಯೊಂದರ ಅತಿ ಕೆಟ್ಟ ಭಂಗಿಗೆ ಒಂದು ಅಂಕ, ಅತಿ ಹೆಚ್ಚು ಹೊತ್ತು ನಿಲ್ಲುವ ಭಂಗಿಗೆ ಒಂದು ಅಂಕ, ಪಕ್ಕದಲ್ಲಿ ಪಾಳಿಯ ಪಾಲು. ಎಡಗೈ ಬಲಗೈ ಎರಡನ್ನೂ ಅಳೆದಿರಿ ತಾನೇ? ಊರಿದ ಕೈಯ ಮಣಿಕಟ್ಟೂ ಲೆಕ್ಕಕ್ಕೆ ಬರುತ್ತದೆ. ಚೌಕದಲ್ಲಿ 7 ಎಂದು ಬರೆದು, ಪಟ್ಟಿಯನ್ನು ಲಗತ್ತಿಸಿ. ಸರಾಸರಿ ಮಾತ್ರ ತೆಗೆಯಬೇಡಿ. 4 ಮತ್ತು 7ರ ನಡುವಿನ ಐದೂವರೆ ಯಾವ ಮನುಷ್ಯನ ಭಂಗಿಯೂ ಅಲ್ಲ.

ಪಾಳಿಪುಸ್ತಕ

ಹಾಗೆಯೇ ಮಾಡುತ್ತೇನೆ. ಸ್ಟ್ಯಾಂಡಿನ ಎತ್ತರ ಎಷ್ಟಿರಬೇಕು? ನಾಲ್ವರಲ್ಲಿ ಒಬ್ಬರು ತುಂಬಾ ಎತ್ತರ, ಒಬ್ಬರು ಗಿಡ್ಡ.

ಕೋನಮಾಪಕ

ಮೊಣಕೈಯಿಂದ ಅಳೆಯಿರಿ. ನಿಂತು ಮಾಡುವ ಸೂಕ್ಷ್ಮ ಕೆಲಸಕ್ಕೆ ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಮೇಲೆ, ಹಗುರವಾದ ಕೈಕೆಲಸಕ್ಕೆ 10ರಿಂದ 15 ಕೆಳಗೆ, ಒತ್ತು ಹಾಕುವ ಭಾರದ ಕೆಲಸಕ್ಕೆ 15ರಿಂದ 40 ಕೆಳಗೆ ಎನ್ನುವುದು ರೂಢಿಯ ಅಳತೆ. ಬೆಸುಗೆ ಕಣ್ಣಿನ ಕೆಲಸವಾದ್ದರಿಂದ ಮೊದಲನೆಯದರ ಹತ್ತಿರ, ಗ್ರೈಂಡಿಂಗ್ ಮೂರನೆಯದರ ಹತ್ತಿರ. ಒಂದೇ ಎತ್ತರ ಎರಡಕ್ಕೂ ಆಗುವುದಿಲ್ಲ, ಆದ್ದರಿಂದ ಕಾಲುಗಳಿಗೆ ಕೆಲವು ತೂತುಗಳನ್ನು ಕೊರೆದು, ಪಿನ್ ಹಾಕಿ ಏರಿಸಿ ಇಳಿಸುವಂತೆ ಮಾಡಿ. ಎತ್ತರದವರಿಗೆ ಹೊಂದಿಸಿ ಗಿಡ್ಡಗಿರುವವರಿಗೆ ಮೆಟ್ಟುಹಲಗೆ ಕೊಡಬಹುದು, ಆದರೆ ಕೇಬಲ್ಲುಗಳ ನಡುವೆ ಅದು ಎಡವುವ ವಸ್ತುವಾಗುತ್ತದೆ.

ಕಿಡಿಗಣ್ಣು

ಆ ಅಳತೆ ಸ್ಟ್ಯಾಂಡಿನದ್ದಲ್ಲ, ಬೆಸುಗೆ ಬೀಳುವ ಜಾಗದ್ದು. ಚೌಕಟ್ಟಿನ ದಪ್ಪ ಕಳೆಯಲು ಮರೆಯಬೇಡಿ. ನಾವು ಮೊದಲ ಸಲ ಮರೆತು, ಎಲ್ಲರೂ ಹೆಗಲು ಎತ್ತಿಕೊಂಡು ಬೆಸುಗೆ ಹಾಕುವಂತಾಯಿತು. ಮಾರನೆಯ ದಿನ ನಾವೇ ಕಟ್ಟಿದ ಕಾಲನ್ನು ನಾವೇ ಕತ್ತರಿಸಿದೆವು.

ಪಾಳಿಪುಸ್ತಕ

ದಪ್ಪ 18 ಸೆಂಟಿಮೀಟರ್. ಈಗಲೇ ಚಿತ್ರ ತಿದ್ದುತ್ತೇನೆ.